ರೊಟ್ಟಿಗೆ ಹಿಟ್ಟು ಕಲಸುವ ಮೊದಲು

ನನ್ನ ಮಾವನವರ ಬಲಗೈ ಮುರಿದವನು ಅವರ ಸ್ವಂತ ಅಣ್ಣನ ಮಗ. ಮುರಿದದ್ದು ಭಾನುವಾರ, ಆರಾಧನೆ ಮುಗಿದ ಸ್ವಲ್ಪ ಹೊತ್ತಿಗೆ. ಅದೇ ಬೆಳಿಗ್ಗೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಒಂದೇ ಕೀರ್ತನೆ ಹಾಡಿದ್ದರು. ಅವನ ದನಿ ಕೆಳಗೆ, ಇವರದು ಮೇಲೆ. ಎರಡೂ ಸೇರಿದರೆ ಹೆಂಚಿನ ಮೇಲಿನ ಪಾರಿವಾಳಗಳು ಎದ್ದು ಹಾರಿಹೋಗುತ್ತಿದ್ದವು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲದ ಮಾತು. ನಾನು ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯವಳು. ನಮ್ಮಲ್ಲಿ ನೀರಿಗಾಗಿ ಬೈದಾಟವಿತ್ತು, ಬಾವಿಯ ಹತ್ತಿರ ಕೊಡಗಳು ಒಡೆಯುತ್ತಿದ್ದವು, ಜುಟ್ಟು ಹಿಡಿದ ಹೆಂಗಸರನ್ನು ಬಿಡಿಸುವುದೂ ಇತ್ತು. ಆದರೆ ನೀರು ಹೆಚ್ಚಾಗಿ ಜನ ಹೊಡೆದಾಡುವುದನ್ನು ಕಂಡದ್ದು ಮದುವೆಯಾಗಿ ಹೊನ್ನಾಳಿ ಸೀಮೆಗೆ ಬಂದ ಮೇಲೆ. ಸಾಸ್ವೆಹಳ್ಳಿಯಿಂದ ಒಳದಾರಿಯಲ್ಲಿ ನಡೆದರೆ ಸಿಗುವ ಸಣ್ಣ ಊರು ಅದು. ಊರಂಚಿನಲ್ಲಿ ಕ್ರೈಸ್ತರ ಏಳೆಂಟು ಮನೆ, ಎಲ್ಲ ಒಂದೇ ಬಳ್ಳಿಯವು. ನಡುವೆ ಹೆಂಚು ಹೊದಿಸಿದ ಒಂದೇ ಕೋಣೆಯ ಗುಡಿ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ದಾವಣಗೆರೆಯಿಂದ ಬಸ್ಸಿನಲ್ಲಿ ಕುಲುಕಾಡಿಕೊಂಡು ಮೂರು ತಿಂಗಳಿಗೊಮ್ಮೆ, ಎಲ್ಲರೂ ಒಂದೇ ರೊಟ್ಟಿ ಮುರಿದು ಹಂಚಿ ತಿನ್ನುವ ಪ್ರಭು ಭೋಜನ ನಡೆಸಲು ಬರುತ್ತಿದ್ದರು. ಉಳಿದ ಭಾನುವಾರಗಳೆಲ್ಲ ಮಾವನವರವು. ಅವರು ಸಭೆಯ ಹಿರಿಯರು.

ದೇವರ ಸೇವೆಯನ್ನು ನಿಯತ್ತಾಗಿ ಮಾಡಲು ಏನು ಬೇಕು ಎಂದು ಯಾರಾದರೂ ಕೇಳಿದರೆ ಮಾವನವರು ದೊಡ್ಡ ಪಟ್ಟಿ ಕೊಡುತ್ತಿರಲಿಲ್ಲ. ಭಾನುವಾರ ಕಾಯಬೇಕು ಅನ್ನುತ್ತಿದ್ದರು, ಅಷ್ಟೇ. ಆ ದಿನ ಎತ್ತಿನ ಹೆಗಲಿಗೆ ನೊಗವಿಲ್ಲ, ಒಲೆಗೆ ಬೆಂಕಿಯಿಲ್ಲ, ಅಂಗಡಿಗೆ ಹೋಗುವಂತಿಲ್ಲ. ಶನಿವಾರ ಮಾಡಿಟ್ಟ ತಂಗಳನ್ನೇ ಉಣ್ಣಬೇಕು. ನನ್ನ ಗಂಡ ಚಿಕ್ಕವರಿದ್ದಾಗ ಒಂದು ಭಾನುವಾರ ಬಿದ್ದ ಹುಣಸೆಹಣ್ಣು ಆರಿಸಿ ಜೇಬಿಗೆ ಹಾಕಿಕೊಂಡಿದ್ದರಂತೆ. ಅದೇ ಮರದ ಹಸಿ ಬರಲು ಮುರಿದು ಮಾವನವರು ಮೀನಖಂಡ ಹರಿಯುವಂತೆ ಬಾರಿಸಿದ್ದರು. ಆ ಗೆರೆಗಳನ್ನು ನನ್ನ ಗಂಡ ಮದುವೆಯಾದ ಹೊಸದರಲ್ಲಿ ನನಗೆ ತೋರಿಸಿದ್ದರು, ಏನೋ ಬಹುಮಾನ ಬಂದದ್ದನ್ನು ತೋರಿಸುವವರಂತೆ. ಮಾವ ಕೆಟ್ಟವರಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಗುಂಡಿ ತೋಡುವವರು ಅವರೇ, ಭಾನುವಾರ ಒಂದನ್ನು ಬಿಟ್ಟು.

ಚಾನಲ್ಲಿನ ನೀರು ಸರದಿಯ ಮೇಲೆ ಸಿಗುತ್ತಿತ್ತು. ಪ್ರತಿ ಗದ್ದೆಗೂ ಒಂದು ತೂಬು, ತೂಬಿನ ಬಾಯಿಗೆ ಕಲ್ಲಿನ ಸೀಳಿನಲ್ಲಿ ಇಳಿಯುವ ಒಂದು ಮರದ ಹಲಗೆ. ಹಲಗೆ ಎತ್ತಿದರೆ ನೀರು, ಇಳಿಸಿದರೆ ಇಲ್ಲ. ಒಬ್ಬನ ಸರದಿ ನಡೆಯುವಾಗ ಅವನ ಹಲಗೆಯನ್ನು ಇನ್ನೊಬ್ಬ ಮುಟ್ಟಬಾರದು. ಮುಟ್ಟಿದರೆ ನೀರು ಕದ್ದ ಹಾಗೆ. ಆ ಸೀಮೆಯಲ್ಲಿ ಹಲಗೆ ಮುಟ್ಟಿದವರ ತಲೆ ಒಡೆದದ್ದುಂಟು, ಒಬ್ಬನನ್ನು ಗುದ್ದಲಿಯಿಂದ ಕಡಿದು ಚಾನಲ್ಲಿಗೇ ನೂಕಿದ್ದೂ ಉಂಟು. ಹೆಣ ಕೆಳಗಿನ ಊರಿನ ತೂಬಿಗೆ ಬಂದು ತಗುಲಿಕೊಂಡಿತ್ತಂತೆ.

ಆ ಸಲ ಮಾವನವರ ಸರದಿ ಶನಿವಾರ ಸಂಜೆಯಿಂದ ಬಿತ್ತು. ಬದಲಾಯಿಸಿಕೊಡು ಎಂದು ಸರದಿ ಹಂಚುವ ನೀರಗಂಟಿಯನ್ನು ಕೇಳಿದರು. ಚಾನಲ್ಲಿಗೆ ವಾರ ಗೊತ್ತಾಗಲ್ಲ ಯಜಮಾನ್ರೆ ಎಂದು ಅವನು ನಕ್ಕ. ಮಾವ ತಮ್ಮದೇ ಒಂದು ದಾರಿ ಹುಡುಕಿದರು. ಶನಿವಾರ ಸೂರ್ಯ ಮುಳುಗುವ ಮೊದಲು ಹಲಗೆ ಎತ್ತಿ ಬಂದರು. ಸೋಮವಾರ ಬೆಳಕು ಹರಿದ ಮೇಲೆ ಇಳಿಸುವುದು. ನಡುವಿನ ದಿನ ನೀರು ತನ್ನಷ್ಟಕ್ಕೆ ಹರಿಯುತ್ತದೆ, ತಾವು ಕೈ ಹಚ್ಚುವುದಿಲ್ಲ, ಅದರಲ್ಲಿ ಪಾಪವೇನು ಬಂತು ಎಂಬುದು ಅವರ ವಿಚಾರ.

ಆದರೆ ಮೇಲಿನ ಊರುಗಳಲ್ಲಿ ಮಳೆ ಬಂದು, ಅಲ್ಲಿನವರೆಲ್ಲ ತಮ್ಮ ತಮ್ಮ ಹಲಗೆ ಇಳಿಸಿಬಿಟ್ಟರು. ಚಾನಲ್ಲಿನ ಅಷ್ಟೂ ನೀರು ನಮ್ಮ ಕಡೆಗೆ ತಿರುಗಿತು. ನಮ್ಮ ಗದ್ದೆಯ ಕೆಳಗೆ ಇದ್ದದ್ದು ಅಣ್ಣನ ಮಗನ ಗದ್ದೆ. ಅವನು ಹಿಂದಿನ ದಿನವಷ್ಟೇ ಮೊಳಕೆ ಕಟ್ಟಿದ ಭತ್ತವನ್ನು ಸಸಿ ಮಡಿಗೆ ಚೆಲ್ಲಿದ್ದ. ಆರಾಧನೆಯ ನಡುವೆ ಯಾರೋ ಬಾಗಿಲಲ್ಲಿ ನಿಂತು ಸುದ್ದಿ ಹೇಳಿದರು. ಅವನು ಎದ್ದು ನಿಂತ.

"ಚಿಗಪ್ಪ, ನಿನ್ನ ಗದ್ದೆ ತುಂಬಿ ನನ್ನ ಮಡಿಗೆ ನುಗ್ಗೈತಂತೆ. ನಾನೇ ಹೋಗಿ ಹಲಗೆ ಇಳಿಸಿ ಬರ್ತೀನಿ. ಹೂಂ ಅನ್ನು."

"ನಾನೂ ಮುಟ್ಟಲ್ಲ, ನಿನಗೂ ಮುಟ್ಟು ಅನ್ನಲ್ಲ. ಕರ್ತನ ದಿನ ಇದು. ಕುಂತ್ಕ."

ಅವನು ಕೂತ. ಅಷ್ಟು ದೊಡ್ಡ ಆಳು, ಮಡಿ ಕೊಚ್ಚಿ ಹೋಗುತ್ತಿದೆ ಎಂದು ಗೊತ್ತಿದ್ದೂ ಹಿರಿಯರ ಮಾತಿಗೆ ಕೂತು, ಕೊನೆಯ ಕೀರ್ತನೆಯನ್ನೂ ಹಾಡಿದ. ಆಮೇಲೆ ಗದ್ದೆಗೆ ಹೋದ. ಮಡಿ ಇದ್ದ ಜಾಗದಲ್ಲಿ ಕೆಂಪು ನೀರು ನಿಂತಿತ್ತು. ಮನೆಯಲ್ಲಿ ಹಿಡಿ ಬೀಜ ಉಳಿದಿರಲಿಲ್ಲ.

ಅವನು ನಮ್ಮ ಮನೆಗೆ ಬಂದಾಗ ಮಾವ ಉಣ್ಣಲು ಕೂತಿದ್ದರು. ಗುದ್ದಲಿಯ ಮರದ ಕಾವು ಅವನ ಕೈಯಲ್ಲಿತ್ತು, ಕಬ್ಬಿಣದ ಎಲೆ ಇರಲಿಲ್ಲ. ದಾರಿಯಲ್ಲಿ ಎಲೆಯನ್ನು ಬಿಚ್ಚಿ ಎಸೆದು ಬಂದಿದ್ದನೆಂದು ಆಮೇಲೆ ತಿಳಿಯಿತು. ಅಂದರೆ ಕೊಲ್ಲುವ ಮನಸ್ಸಿರಲಿಲ್ಲ, ಹೊಡೆಯುವ ಮನಸ್ಸು ಪೂರ್ತಿ ಇತ್ತು. ಮೊದಲ ಏಟಿಗೆ ತಟ್ಟೆ ಹಾರಿತು. ಎರಡನೆಯದಕ್ಕೆ ಮಾವ ಕೈ ಅಡ್ಡ ಹಿಡಿದರು. ಹಸಿ ಬೆತ್ತ ಮುರಿದಂತೆ ಸದ್ದಾಯಿತು. ಆಮೇಲೆ ಬೆನ್ನು, ಹೆಗಲು, ಕಿವಿಯ ಮೇಲೆ. ಮಾವ ಕೂಗಲಿಲ್ಲ. ಗೋಡೆಗೆ ಆನಿಸಿಟ್ಟಿದ್ದ ಹರಿವಾಣದ ಮೇಲೆ ರಕ್ತ ಸಿಡಿದದ್ದು ನನ್ನ ಕಣ್ಣಲ್ಲಿದೆ. ನಮ್ಮ ಅತ್ತೆ ಗಿಡ್ಡನೆಯ ಹೆಂಗಸು. ಅವನ ಸೊಂಟಕ್ಕೆ ಜೋತುಬಿದ್ದು ಪಕ್ಕೆ ಕಚ್ಚಿದರು. ಭಾನುವಾರವಾದ್ದರಿಂದ ಒಲೆ ಆರಿತ್ತು. ಇಲ್ಲದಿದ್ದರೆ ಕುದಿಯುವ ಸಾರನ್ನು ಅವನ ಮುಖಕ್ಕೆ ಎರಚುತ್ತಿದ್ದೆ ಎಂದು ಆಮೇಲೆ ಅವರೇ ಹೇಳಿದರು.

ಗಾಡಿ ಹೂಡಿ ಹೊನ್ನಾಳಿಯ ಆಸ್ಪತ್ರೆಗೆ ಹೊರಡಿಸುವಾಗ ಮಾವನವರಿಗೆ ಎಚ್ಚರ ತಪ್ಪುತ್ತಿತ್ತು, ಬರುತ್ತಿತ್ತು. ಬಂದಾಗೊಮ್ಮೆ, ಇವತ್ತು ಎತ್ತು ಹೂಡಬೇಡಿ, ನಾಳೆ ಹೋದರಾಯಿತು ಅಂದರು. ಅತ್ತೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಇನ್ನೊಂದು ಮಾತಾಡಿದ್ರೆ ಎಡಗೈನ ನಾನೇ ಮುರೀತೀನಿ. ಸುಮ್ನೆ ಮಲಕ್ಕಳ್ರಿ."

ನನ್ನ ಗಂಡ ಆಗ ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಚೀಲ ಹೊರುತ್ತಿದ್ದರು. ಸುದ್ದಿ ತಿಳಿದು ಬಂದವರು ಅಪ್ಪನ ಕೈಗೆ ಹಾಕಿದ್ದ ಪಟ್ಟಿಯನ್ನು ನೋಡಿದರು, ಊದಿ ಮುಚ್ಚಿದ ಕಣ್ಣನ್ನು ನೋಡಿದರು. ನೀರು ಕುಡಿದರು. ಸೂರಿನಿಂದ ಮಚ್ಚು ಎಳೆದುಕೊಂಡು ಹೊರಟರು. ನಾನು ಹಿಂದೆ ಓಡಿದೆ.

ಹೊಡೆದಿದ್ದ ದೊಡ್ಡಪ್ಪನ ಮಗ ಮನೆಯಲ್ಲಿರಲಿಲ್ಲ. ಅವನ ಹೆಂಡತಿ, ನ್ಯಾಮತಿಯ ಹುಡುಗಿ, ಬಸುರಿ, ಒಳಬಾಗಿಲಿಗೆ ಅಡ್ಡ ನಿಂತು ಒನಕೆ ಎತ್ತಿ ಹಿಡಿದಳು. ಒಳಗೆ ಬಂದರೆ ಒಬ್ಬರು ಹೆಣ ಆಗ್ತೀವಿ ಅಂದಳು, ತಣ್ಣಗೆ, ಪಕ್ಕದ ಮನೆಯವರಿಗೆ ಹೊತ್ತೆಷ್ಟಾಯಿತು ಎಂದು ಹೇಳುವವಳಂತೆ. ಇವರು ಒಳಗೆ ಹೋಗಲಿಲ್ಲ. ಅಂಗಳದ ಗಡಿಗೆ, ಬಾನಿ ಒಡೆದರು. ಅಷ್ಟಕ್ಕೂ ಸಿಟ್ಟು ಇಳಿಯದೆ ಕೊಟ್ಟಿಗೆಗೆ ನುಗ್ಗಿ, ಉಳುವ ಎತ್ತಿನ ಹಿಂಗಾಲಿನ ನರಕ್ಕೆ ಬೀಸಿದರು. ಎತ್ತು ಹಿಂದೆ ಕೂತುಬಿಟ್ಟಿತು. ಎತ್ತು ಕೂಗುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಮುಂದೆ ಕೇಳುವುದೂ ಬೇಡ. ನನ್ನ ಗಂಡನ ಮುಖ ಬಿಳುಚಿತು. ಏನು ಮಾಡಿದೆನೆಂದು ಅವರಿಗೂ ಆಗಲೇ ತಿಳಿಯಿತು.

ಸಂಜೆ ಅವನು ಬಂದು ಎತ್ತಿನ ಮುಂದೆ ಬಹಳ ಹೊತ್ತು ಕೂತಿದ್ದ. ಕಟುಕರು ಬಂದು ಒಯ್ದ ಮೇಲೆ ಬೀದಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಆಣೆ ಮಾಡಿದ: ನನ್ನ ಗಂಡನ ರಕ್ತ ನೋಡುವ ತನಕ ತಾನು ಪ್ರಭು ಭೋಜನ ಮುಟ್ಟುವುದಿಲ್ಲ. ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ ಎಂದು ಅಂದೇ ಎಲ್ಲರಿಗೂ ಅನ್ನಿಸಿತು. ನಾನು ಗಂಡನ ಮಚ್ಚನ್ನು ಹುಲ್ಲಿನ ಬಣವೆಯಲ್ಲಿ ಅಡಗಿಸಿಟ್ಟೆ. ಅವರು ಇನ್ನೊಂದು ತಂದರು.

ಏಳೆಂಟು ಮನೆ ಎರಡು ಪಾಲಾದವು. ಹೊತ್ತು ಇಳಿದರೆ ಹೆಂಚಿನ ಮೇಲೆ ಕಲ್ಲು. ಒಂದು ಹೆಂಚು ಒಡೆದು ಅದರ ಚೂರು ಅತ್ತೆಯ ಕಿವಿ ಸೀಳಿತು. ಅತ್ತೆ ಕಿವಿಗೆ ಅರಿಸಿನ ಮೆತ್ತಿಕೊಂಡು, ಬೆಳಿಗ್ಗೆ ಆ ಕಲ್ಲನ್ನು ಸೆರಗಿನಲ್ಲಿ ಹಾಕಿಕೊಂಡು ಹೋಗಿ ಅವರ ಕಟ್ಟೆಯ ಮೇಲಿಟ್ಟರು. ನಿಮ್ಮನೇದು ನಮ್ಮನೆಗೆ ಬಂದಿತ್ತು, ತಗೊಳ್ರಿ ಅಂದರಂತೆ. ಅಲ್ಲಿಂದ ಮುಂದೆ ಕಲ್ಲು ನಿಂತವು. ಮಚ್ಚುಗಳು ಮಾತ್ರ ಎರಡೂ ಮನೆಯ ಬಾಗಿಲ ಹಿಂದೆಯೇ ಇದ್ದವು.

ಹೀಗಿರುವಾಗ ಅಯ್ಯನವರು ಬರುವ ವಾರ ಬಂತು. ನಮ್ಮ ಸಭೆಯಲ್ಲಿ ಒಂದು ಕ್ರಮವಿತ್ತು. ಪ್ರಭು ಭೋಜನದ ರೊಟ್ಟಿಯನ್ನು ಸರದಿಯಂತೆ ಒಂದೊಂದು ಮನೆಯವರು ಸುಡಬೇಕು. ಸುಡುವ ಮನೆಯ ಗಂಡಸು ಶನಿವಾರ ಮನೆಮನೆಗೆ ಹೋಗಿ, ನಾಳೆ ರೊಟ್ಟಿ ನಮ್ಮ ಮನೆಯದು, ನಮ್ಮ ಮೇಲೆ ನಿಮ್ಮ ಮನಸ್ಸಿನಲ್ಲಿ ಏನಾದರೂ ಇದೆಯಾ ಎಂದು ಕೇಳಬೇಕು. ಎಲ್ಲರೂ ಇಲ್ಲ ಅಂದರೆ ಮಾತ್ರ ಹಿಟ್ಟು ಕಲಸುವುದು. ಎಂದೂ ಯಾರೂ ಇದೆ ಅಂದಿರಲಿಲ್ಲ. ಕೇಳುವುದು, ಇಲ್ಲ ಅನ್ನುವುದು, ಒಂದು ಲೋಟ ಕಾಫಿ ಕುಡಿಯುವುದು, ಇಷ್ಟೇ ನಡೆದುಬಂದಿತ್ತು. ಆ ಸಲದ ಸರದಿ ನಮ್ಮ ಮನೆಯದು.

ಏಟು ತಿಂದವನು ನಾನು, ಅವನು ಬಂದು ನನ್ನನ್ನು ಕೇಳಬೇಕು, ಸರದಿಯನ್ನು ಪಕ್ಕದ ಮನೆಗೆ ಕೊಡಿ ಎಂದು ಮಾವ ಹಟ ಹಿಡಿದರು. ಅತ್ತೆ ಗೋಧಿ ಕೇರುತ್ತಿದ್ದರು. ಮೊರ ನಿಂತಿತು.

"ಅವನು ಕೈ ಎತ್ತಿದ್ದು ಪಾಪಾನೆ. ಅದಕ್ಕೆ ಅವನು ಉತ್ತರ ಕೊಡ್ಲಿ. ಆದ್ರೆ ಅವತ್ತು ದೇವರು ನಿಮ್ಮನ್ನ ಹಾಡು ಕೇಳಲಿಲ್ಲ, ಪ್ರಾರ್ಥನೆ ಕೇಳಲಿಲ್ಲ. ಒಂದು ಹಲಗೆ ಇಳಿಸಾಕೆ ಕೇಳಿದ. ಅದು ನಿಮ್ಮ ಕೈಲಾಗ್ಲಿಲ್ಲ."

ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಶನಿವಾರ ಮಧ್ಯಾಹ್ನ ತಾವಾಗಿಯೇ ಎದ್ದು ಅಂಗಿ ಕೇಳಿದರು. ಜೊತೆಗೆ ಹೆಂಗಸು ಇದ್ದರೆ ಯಾರೂ ಕೈ ಎತ್ತಲಾರರು ಎಂದು ಅತ್ತೆ ನನ್ನನ್ನು ಕಳಿಸಿದರು. ಉಳಿದ ಮನೆಗಳಲ್ಲಿ ಇಲ್ಲ ಅಂದರು, ಕೆಲವರು ನೆಲ ನೋಡುತ್ತಾ. ಕೊನೆಗೆ ಅವನ ಮನೆ. ನ್ಯಾಮತಿಯ ತವರಿನಿಂದ ಹೆಂಡತಿ ಬೀಜ ತರಿಸಿದ್ದಳು, ಮಡಿಗೆ ಮತ್ತೆ ಚೆಲ್ಲಿದ್ದರು. ಅವನು ಕಟ್ಟೆಯ ಮೇಲೆ ಕೂತು ಕುಡುಗೋಲಿಗೆ ಸಾಣೆ ಹಿಡಿಯುತ್ತಿದ್ದ. ಮಾವ ಕೇಳುವ ಮಾತು ಕೇಳಿದರು. ಸಾಣೆ ನಿಲ್ಲಲಿಲ್ಲ.

"ಐತೆ," ಅಂದ.

ಮಾವ, ಅವತ್ತು ನಾನು ಹಲಗೆ ಇಳಿಸಬೇಕಿತ್ತು ಅಂದರು. ಅವರು ತಪ್ಪು ಒಪ್ಪಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನ ಮುಖ ಕರಗುತ್ತದೆ ಎಂದುಕೊಂಡೆ. ಕರಗಲಿಲ್ಲ.

"ಬಾಯಲ್ಲಿ ಯಾರು ಬೇಕಾದ್ರೂ ಅಂತಾರೆ. ನಾಳೆ ನೀರಿನ ಸರದಿ ನಂದು. ಆರಾಧನೆ ಗಂಟೆ ಹೊಡೆದ ಮ್ಯಾಲೆ ಬಂದು, ಮಡಿ ಮುಳುಗೋ ಮೊದ್ಲು ನನ್ನ ತೂಬಿನ ಹಲಗೆ ಇಳಿಸು, ನಿನ್ನ ಕೈಯಾರೆ. ಆಮ್ಯಾಲೆ ಮಾತು."

ಕೇಳಿದವರೆಲ್ಲ ಇದು ಅವಮಾನ ಮಾಡಲಿಕ್ಕೆ ಹೂಡಿದ ಆಟ ಅಂದರು. ನನ್ನ ಗಂಡ ಮಾತ್ರ, ಇದು ಅಪ್ಪನನ್ನು ಚಾನಲ್ಲಿಗೆ ನೂಕಿ ಸಾಯಿಸುವ ಆಟ ಅಂದರು.

ಭಾನುವಾರ ಗಂಟೆ ಹೊಡೆಯಿತು. ಅಯ್ಯನವರು ಬಿಳಿ ನಿಲುವಂಗಿ ತೊಟ್ಟು ನಿಂತಿದ್ದರು. ಮಾವ ಎದ್ದು, ನೀವು ಶುರು ಮಾಡ್ರಿ, ನನಗೆ ಚಾನಲ್ಲಿನ ಹತ್ರ ಸ್ವಲ್ಪ ಕೆಲಸ ಐತೆ ಅಂದರು. ಅವರು ಹೊರಗೆ ನಡೆದರು. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಹೊರಟರು, ಕೊನೆಗೆ ಅಯ್ಯನವರೂ.

ಅವನು ಏರಿಯ ಮೇಲೆ ಗುದ್ದಲಿ ಊರಿಕೊಂಡು ನಿಂತಿದ್ದ. ಮಾವ ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಸೊಂಟದ ಮಟ್ಟದ ನೀರು, ಸೆಳೆತ ಜೋರಿತ್ತು. ಬಲಗೈ ಇನ್ನೂ ಪಟ್ಟಿಯಲ್ಲಿತ್ತು. ಎಡಗೈಯಲ್ಲಿ ಹಲಗೆ ಹಿಡಿದು ಕಲ್ಲಿನ ಸೀಳಿಗೆ ಹೊಂದಿಸಲು ನೋಡಿದರು. ಹಲಗೆ ತಿರುಗಿತು. ಮತ್ತೆ ಹಿಡಿದರು. ಎರಡು ಕೈಯವನಿಗೆ ಅದು ಒಂದು ಕ್ಷಣದ ಕೆಲಸ. ಕಾಲು ಜಾರಿತು, ಮಾವ ಮುಳುಗಿದರು. ತೂಬಿನ ಬಾಯಿ ಅವರನ್ನು ಎಳೆಯತೊಡಗಿತು.

ಅವನು ಗುದ್ದಲಿ ಬಿಡದೆ ಹಾಗೇ ಹಾರಿದ. ಕೈಯಲ್ಲಿ ಗುದ್ದಲಿ ಹಿಡಿದು ತಮ್ಮ ತಂದೆಯ ಮೇಲೆ ಹಾರಿದವನನ್ನು ನನ್ನ ಗಂಡ ಕಂಡರು. ಹೆಗಲ ಮೇಲಿನ ಟವಲಿನ ಕೆಳಗಿಂದ ಮಚ್ಚು ಬಂತು. ಇವರೂ ಹಾರಿದರು. ಏಟು ಅವನ ಬಲ ಹೆಗಲ ಹಿಂದೆ ಬಿತ್ತು. ಅಂಗಿ ಬಾಯಿ ತೆರೆಯಿತು, ಆಮೇಲೆ ಮಾಂಸ. ನೀರು ಕೆಂಪಾಗಿ ತೂಬಿನೊಳಕ್ಕೆ ಹರಿಯಿತು. ಇವರು ಮತ್ತೆ ಕೈ ಎತ್ತಿದಾಗ ನಾನು ಸೀರೆ ಸಮೇತ ನೀರಿನಲ್ಲಿದ್ದೆ, ಅವರ ತೋಳಿಗೆ ಜೋತುಬಿದ್ದಿದ್ದೆ. ಅಷ್ಟರಲ್ಲಿ ಮಾವನ ತಲೆ ಮೇಲೆ ಬಂತು. ಕೆಮ್ಮುತ್ತಾ, ಉಸಿರಿಲ್ಲದೆ ಅಂದರು:

"ಬಿಡೋ. ಅವನು ನನ್ನ ಹಿಡ್ಕಂಡಾನೆ. ನನ್ನ ಹಿಡ್ಕಂಡಾನೆ ಕಣೋ."

ಹೌದು, ಹಿಡಿದಿದ್ದ. ಎಡಗೈಯಲ್ಲಿ ಮಾವನ ಅಂಗಿಯ ಕೊರಳಪಟ್ಟಿ, ಬಲಗೈಯಲ್ಲಿ ನೆಲಕ್ಕೆ ಊರಿದ ಗುದ್ದಲಿ. ಅದನ್ನೇ ಆಧಾರ ಮಾಡಿಕೊಂಡು ಸೆಳೆತಕ್ಕೆ ಎದುರು ನಿಂತಿದ್ದ. ಹೆಗಲು ಸೀಳಿದ ಮೇಲೂ ಎರಡನ್ನೂ ಬಿಟ್ಟಿರಲಿಲ್ಲ. ನನ್ನ ಗಂಡನ ಕೈಯಿಂದ ಮಚ್ಚು ಜಾರಿ ನೀರಿನಲ್ಲಿ ಹೋಯಿತು.

ಅಯ್ಯನವರು ತಮ್ಮ ಬಿಳಿ ಅಂಗಿಯನ್ನು ಹರಿದು ಗಾಯಕ್ಕೆ ಒತ್ತಿ ಕಟ್ಟಿದರು. ಎಲ್ಲರೂ ಅವನ ಸುತ್ತ ಇದ್ದಾಗ ಮಾವ ಮತ್ತೆ ನೀರಿಗಿಳಿದದ್ದನ್ನು ನಾನು ಮತ್ತು ಅತ್ತೆ ಮಾತ್ರ ನೋಡಿದೆವು. ಹಲಗೆಯನ್ನು ಹೇಗೋ ಸೀಳಿಗೆ ಸೇರಿಸಿ, ಅದರ ಮೇಲೆ ಹತ್ತಿ ನಿಂತು, ಮೈಭಾರ ಹಾಕಿ ಇಳಿಸಿದರು. ನೀರು ನಿಂತಿತು. ಅವನ ಮಡಿ ಉಳಿಯಿತು. ಆಮೇಲೆ ತಾವೇ ಹೋಗಿ ಒಂಟಿ ಕೈಯಲ್ಲಿ ಎತ್ತುಗಳನ್ನು ಬಿಚ್ಚಿ ತಂದರು, ಗಾಡಿ ಹೂಡಲಿಕ್ಕೆ.

ಆಸ್ಪತ್ರೆಯಲ್ಲಿ ಕೇಳಿದಾಗ, ತೂಬಿನ ಕಬ್ಬಿಣ ತಗುಲಿತು ಎಂದು ಅವನು ಹೇಳಿದ. ಯಾರೂ ನಂಬಲಿಲ್ಲ. ಅವನು ಕೇಸು ಹಾಕಲಿಲ್ಲ, ಕ್ಷಮಿಸಲೂ ಇಲ್ಲ. ಬದುಕಿದ, ಆದರೆ ಬಲಗೈ ಭುಜದಿಂದ ಮೇಲಕ್ಕೆ ಏಳದಾಯಿತು. ಹಿಂದಿನ ದಿನ ಹಿಟ್ಟನ್ನೇ ಕಲಸಿರಲಿಲ್ಲ, ಪ್ರಭು ಭೋಜನವಿಲ್ಲದೆ ಅಯ್ಯನವರು ಒಳ ಅಂಗಿಯಲ್ಲೇ ಬಸ್ಸು ಹತ್ತಿದರು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ನನ್ನ ಗಂಡ ಚನ್ನಗಿರಿಯ ಕೆಲಸ ಬಿಟ್ಟರು. ನಮ್ಮದೊಂದು ಎತ್ತು, ಅವನದು ಉಳಿದ ಒಂದು ಎತ್ತು, ಎರಡನ್ನೂ ಜೋಡಿ ಮಾಡಿ ಮೊದಲು ಅವನ ಗದ್ದೆ, ಆಮೇಲೆ ನಮ್ಮದು ಉತ್ತರು. ಅವನು ಬೇಡ ಅನ್ನಲಿಲ್ಲ, ಮಾತೂ ಆಡಲಿಲ್ಲ. ರೊಟ್ಟಿಯ ಸರದಿ ಇನ್ನೂ ನಮ್ಮದೇ ಆಗಿತ್ತು. ಅಯ್ಯನವರು ಪೇಟೆಯಿಂದ ಬ್ರೆಡ್ಡು ತರುತ್ತೇನೆ, ನಿಮ್ಮ ಈ ಕ್ರಮ ಯಾವ ಸಭೆಯಲ್ಲೂ ಇಲ್ಲ ಎಂದು ಗದರಿದರು. ಅವರು ಹೇಳಿದ್ದು ನಿಜ. ಆದರೂ ಆ ಏಳೆಂಟು ಮನೆಯವರು ಒಪ್ಪಲಿಲ್ಲ. ಹೊಡೆದಾಡಿ ಎರಡು ಪಾಲಾಗಿದ್ದವರು ಇದೊಂದಕ್ಕೆ ಒಂದಾದರು.

ಮೂರು ತಿಂಗಳಿಗೊಮ್ಮೆ, ಶನಿವಾರ, ನನ್ನ ಗಂಡ ಅವನ ಬಾಗಿಲಿಗೆ ಹೋಗಿ ಕೇಳುತ್ತಿದ್ದರು. ಐತೆ ಅನ್ನುತ್ತಿದ್ದ. ಒಮ್ಮೆ ಬಾಗಿಲನ್ನು ಇವರ ಬೆರಳ ಮೇಲೆಯೇ ಬಡಿದು ಮುಚ್ಚಿದ, ಉಗುರು ಕಪ್ಪಾಗಿ ಉದುರಿತು. ಒಮ್ಮೆ ಎಡಗೈಯಲ್ಲಿ ಕೆನ್ನೆಗೆ ಬಿಟ್ಟ. ಇವರು ಕೆನ್ನೆ ಉಜ್ಜಿಕೊಳ್ಳುತ್ತಾ ಮನೆಗೆ ಬಂದು, ಇನ್ನು ನಾನು ಹೋಗಲ್ಲ ಅಂದರು. ಅತ್ತೆ ಅಂದದ್ದು ಇದು:

"ಕೇಳಾಕೆ ಹೋಗೋದು ನಮ್ಮ ಕೆಲಸ. ಇಲ್ಲ ಅನ್ನೋದು ಅವನ ಕೆಲಸ. ಅವನ ಕೆಲಸ ಅವನು ಮಾಡಲಿಲ್ಲ ಅಂತ ನಮ್ಮದನ್ನ ನಾವು ಬಿಡಾಕೆ ಬರಲ್ಲ."

ಇವರು ಮತ್ತೆ ಹೋದರು. ದೇವರ ಸೇವೆಗೆ ಏನು ಬೇಕು ಎಂಬ ಬಗ್ಗೆ ನಾನು ಎಷ್ಟೋ ಬೋಧನೆ ಕೇಳಿದ್ದೇನೆ. ಧೈರ್ಯ ಬೇಕು ಅಂದವರಿದ್ದಾರೆ, ಜ್ಞಾನ ಬೇಕು ಅಂದವರಿದ್ದಾರೆ. ನಮ್ಮ ಮನೆಯಲ್ಲಿ ಬೇಕಾದದ್ದು ಏಟು ತಿಂದ ಬಾಗಿಲಿಗೇ ತಿರುಗಿ ಹೋಗುವ ಕಾಲು. ಧೈರ್ಯದ ವಿಷಯ ಹೇಳುವುದಾದರೆ, ಎರಡೂ ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ಎಂಬತ್ತರ ದಶಕ ಹಿಡಿದಿತ್ತು. ಒಂದು ಶನಿವಾರ ನಾನೂ ಜೊತೆಗೆ ಹೋಗಿದ್ದೆ. ಅವನು ಬರಿಮೈಯಲ್ಲಿ ಕಟ್ಟೆಯ ಮೇಲಿದ್ದ, ಮಗಳು ತೊಡೆಯ ಮೇಲೆ ಆಡುತ್ತಿದ್ದಳು. ಹೆಗಲಿನ ಗಾಯ ಗಂಟು ಕಟ್ಟಿ ಹೊಳೆಯುತ್ತಿತ್ತು. ನನ್ನ ಗಂಡ ಕೇಳಿದರು. ಅವನು ಮಗುವಿನ ಮೂಗು ಒರೆಸಿದ. ಆಮೇಲೆ ಇವರ ಕಡೆ ನೋಡದೆ, ನನ್ನ ಕಡೆ ನೋಡಿ ಅಂದ:

"ಐತವ್ವ. ಮೋಡ ಕವಿದಾಗೆಲ್ಲ ಹೆಗಲು ಹರಿತೈತೆ, ಅವಾಗೆಲ್ಲ ಐತೆ. ಅದು ಹೋಗೋ ತಂಕ ಕಾದ್ರೆ ನಾವಿಬ್ರೂ ಸತ್ತಿರ್ತೀವಿ. ಆಣೆ ಬ್ಯಾರೆ ಮಾಡಿದ್ದೆ, ಅದನ್ನ ಮುರಿದ ಪಾಪ ನನ್ನ ಮ್ಯಾಲೇ ಇರ್ಲಿ. ಹಿಟ್ಟು ಕಲಸು ಹೋಗು."

ಮನೆಗೆ ಬಂದು ಮಾವನವರಿಗೆ ಹೇಳಿದೆವು. ಕ್ರಮದ ಪ್ರಕಾರ ಐತೆ ಅಂದ ಮೇಲೆ ಕಲಸುವ ಹಾಗಿಲ್ಲ. ಆ ಕ್ರಮವನ್ನು ಅವರಷ್ಟು ಬಿಗಿಯಾಗಿ ಹಿಡಿದವರು ಬೇರೆ ಯಾರೂ ಇರಲಿಲ್ಲ. ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು. ಮಾವ ಸೊಟ್ಟಗಾದ ತಮ್ಮ ಬಲಗೈಯನ್ನು ಎಡಗೈಯಲ್ಲಿ ನೀವುತ್ತಾ ಕೂತರು.

ಕೊನೆಗೆ, ನೀರು ಸ್ವಲ್ಪ ಬಿಸಿ ಮಾಡ್ಕಳವ್ವ, ಹಿಟ್ಟು ಮೆತ್ತಗೆ ಬರ್ತೈತೆ ಅಂದರು.